ತೆಂಗಿನ ಮರವನ್ನು ಯಂತ್ರ ಹೇಗೆ ಹಿಡಿಯುತ್ತದೆ

ತೆಂಗಿನ ಮರಕ್ಕೆ ಕೊಂಬೆಯಿಲ್ಲ. ಹೊಲ ಕಾಯಲು ಹುಣಸೆಯ ಮೇಲೋ ಮಾವಿನ ಮೇಲೋ ಅಟ್ಟಣೆ ಕಟ್ಟಿದಂತೆ ಅದರ ಮೇಲೆ ಕಟ್ಟಲಾಗದು. ಹತ್ತುವವರು ನಿಲ್ಲುವ ಜಾಗವನ್ನೂ ಜೊತೆಗೇ ಒಯ್ಯಬೇಕು. ತುರುವೇಕೆರೆ ತಾಲ್ಲೂಕಿನ ದಂಡಿನಶಿವರ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿಗೆ ಚೆನ್ನಾಗಿ ಬಲಿತ ಕಾಯಿ ಬೇಕು. ಅದನ್ನು ದೋಟಿಯಿಂದ ಕೆಡವಬಹುದು, ತಾನೇ ಬಿದ್ದದ್ದನ್ನು ಆಯಲೂಬಹುದು. ಆದರೆ ಗೊನೆ ಕೆಡದಂತೆ ಎಳನೀರು ಇಳಿಸಲು, ಸುಳಿಗೆ ಔಷಧಿ ಹಾಕಲು, ನೀರಾ ತೆಗೆಯಲು ಮರ ಹತ್ತಲೇಬೇಕು. ನೀರಾ ಇಳಿಸುವವರದಂತೂ ದಿನಕ್ಕೆರಡು ಬಾರಿಯ ಹತ್ತಾಟ.

ಹಿಂದೆ ಇದಕ್ಕೆ ಕಾಂಡದಲ್ಲಿ ಕಚ್ಚು ಕೊಚ್ಚಿ ಮೆಟ್ಟಿಲು ಮಾಡುವ ರೂಢಿಯಿತ್ತು. ಮರದ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲ. ಮಾವು, ಬೇವುಗಳ ತೊಗಟೆಯಡಿ ಹೊಸ ಅಂಗಾಂಶ ಬೆಳೆಸುವ ಪದರವಿದ್ದು, ಗಾಯ ಕ್ರಮೇಣ ಮುಚ್ಚಿಕೊಳ್ಳುತ್ತದೆ. ಏಕದಳ ಸಸ್ಯವಾದ ತೆಂಗಿಗೆ ಆ ಪದರವೇ ಇಲ್ಲ. ಹತ್ತನೇ ವರ್ಷದಲ್ಲಿ ಬಿದ್ದ ಕಚ್ಚು ಐವತ್ತನೇ ವರ್ಷದಲ್ಲೂ ಹಾಗೇ ಇರುತ್ತದೆ. ರಸ ಸೋರುವ ರೋಗಕ್ಕೂ ಕೆಂಪು ಮೂತಿ ಹುಳುವಿಗೂ ಅದು ತೆರೆದ ಬಾಗಿಲು. ಆ ಪದರವಿಲ್ಲದ ಕಾರಣಕ್ಕೇ ಕಾಂಡ ವರ್ಷವರ್ಷವೂ ದಪ್ಪವಾಗುತ್ತ ಹೋಗುವುದಿಲ್ಲ. ಬುಡದ ಗಡ್ಡೆಯೊಂದನ್ನು ಬಿಟ್ಟರೆ ಕೆಳಗಿನಿಂದ ಮೇಲಿನವರೆಗೆ ಸುತ್ತಳತೆ ಹೆಚ್ಚುಕಡಿಮೆ ಒಂದೇ. ಒಂದೇ ಅಳತೆಯ ಕುಣಿಕೆ ತುದಿಯವರೆಗೂ ಸಾಗುತ್ತದೆಂಬ ಲೆಕ್ಕಾಚಾರದ ಮೇಲೆ ಮರ ಹತ್ತುವ ಯಂತ್ರ ನಿಂತಿದೆ.

ಈ ಯಂತ್ರಗಳಲ್ಲಿ ಹೆಸರಾದದ್ದು ಕಣ್ಣೂರು ಜಿಲ್ಲೆಯ ಚೆಂಬೇರಿಯ ರೈತ ಎಂ.ಜೆ. ಜೋಸೆಫ್ ರೂಪಿಸಿದ್ದು. ಎರಡು ಕಬ್ಬಿಣದ ಚೌಕಟ್ಟು, ಒಂದು ಎಡಗಾಲಿಗೆ, ಇನ್ನೊಂದು ಬಲಗಾಲಿಗೆ. ಪ್ರತಿಯೊಂದರಿಂದಲೂ ಉಕ್ಕಿನ ಹಗ್ಗ ಹೊರಟು ಕಾಂಡವನ್ನು ಬಳಸಿ ಬರುತ್ತದೆ. ಒಂದರ ಮೇಲೆ ಭಾರ ಬಿಟ್ಟು ಇನ್ನೊಂದನ್ನು ಕೈಯಿಂದ ಮೇಲಕ್ಕೆ ಸರಿಸುತ್ತ ಏರಬೇಕು. ಅಮೆರಿಕದ ಜಿಂಕೆ ಬೇಟೆಗಾರರ ಏರು ಅಟ್ಟಣೆಯೂ ಇದೇ ತತ್ವದ್ದು. ಅದರಲ್ಲಿ ಒಂದು ಭಾಗ ಕೂರಲು, ಇನ್ನೊಂದು ನಿಲ್ಲಲು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಿಂಕೆ ಬೇಟೆಯನ್ನು ನಿಷೇಧಿಸಿದೆ. ಇಲ್ಲಿ ಆ ತತ್ವ ಉಪಯೋಗಕ್ಕೆ ಬಂದದ್ದು ತೋಟದಲ್ಲಿ.

ಯಂತ್ರಕ್ಕೆ ಹಲ್ಲಿಲ್ಲ, ಮೊಳೆಯಿಲ್ಲ, ಬಿಗಿಯುವ ತಿರುಪೂ ಇಲ್ಲ. ಮತ್ತೆ ಹಿಡಿತ ಎಲ್ಲಿಯದು? ಹಳೆಯ ಮೇಜಿನ ಡ್ರಾಯರನ್ನು ಒಂದು ಮೂಲೆ ಹಿಡಿದು ಎಳೆದವರಿಗೆ ಉತ್ತರ ಗೊತ್ತು. ನಡುವೆ ಹಿಡಿದರೆ ಸಲೀಸಾಗಿ ಬರುವ ಡ್ರಾಯರು ಮೂಲೆಯಿಂದ ಎಳೆದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಸಿಟ್ಟಿನಿಂದ ಇನ್ನಷ್ಟು ಜಗ್ಗಿದರೆ ಇನ್ನಷ್ಟು ಕಚ್ಚುತ್ತದೆ. ಎಳೆದ ಬಲವೇ ಅದನ್ನು ಎರಡು ಪಕ್ಕಗಳಿಗೆ ಒತ್ತುತ್ತಿರುತ್ತದೆ, ಆ ಒತ್ತಡದಿಂದ ಘರ್ಷಣೆ ಹೆಚ್ಚುತ್ತಿರುತ್ತದೆ. ಮೇಜಿನಲ್ಲಿ ಕಿರಿಕಿರಿಯಾದದ್ದೇ ಮರದಲ್ಲಿ ಪ್ರಾಣ ಕಾಯುತ್ತದೆ. ಪಾದದ ಭಾರ ಕಾಂಡದಿಂದ ಹೊರಗೆ ಬಿದ್ದಾಗ ಚೌಕಟ್ಟಿನ ಹೊರತುದಿ ಕೆಳಕ್ಕೆ ಬಾಗುತ್ತದೆ. ಎದುರಿನ ರಬ್ಬರ್ ಪಟ್ಟಿ ಕೆಳಗಡೆ, ಹಿಂದಿನ ಹಗ್ಗ ಮೇಲ್ಗಡೆ ಕಾಂಡವನ್ನು ಒತ್ತಿ ಹಿಡಿಯುತ್ತವೆ.

ಇದನ್ನು ಲೆಕ್ಕಕ್ಕಿಳಿಸಿದರೆ ಸೊಗಸಾದ ಸಂಗತಿಯೊಂದು ಹೊರಬೀಳುತ್ತದೆ: ಏರುವವರ ತೂಕ ಸಮೀಕರಣದಿಂದಲೇ ಹೊರಟುಹೋಗುತ್ತದೆ. ಚೌಕಟ್ಟು ಮುರಿಯದಿದ್ದರೆ ಸಾಕು, 50 ಕಿಲೋದವರಿಗೂ 90 ಕಿಲೋದವರಿಗೂ ಹಿಡಿತ ಒಂದೇ. ಉಳಿಯುವುದು ಎರಡು ಅಳತೆ ಮತ್ತು ಘರ್ಷಣಾಂಕ. ಪಟ್ಟಿಗೂ ಹಗ್ಗಕ್ಕೂ ನಡುವಿನ ಎತ್ತರ 15 ಸೆಂಟಿಮೀಟರ್, ಘರ್ಷಣಾಂಕ 0.5 ಎಂದಿಟ್ಟುಕೊಂಡರೆ ಕಾಂಡದ ನಡುವಿನಿಂದ ಪಾದಕ್ಕೆ ಕನಿಷ್ಠ 15 ಸೆಂಟಿಮೀಟರ್ ದೂರವಿರಬೇಕು. ಮಳೆಯಲ್ಲಿ ಪಾಚಿ ನೆನೆದು ಘರ್ಷಣಾಂಕ 0.3ಕ್ಕೆ ಇಳಿದರೆ ಅದೇ ದೂರ 25 ಸೆಂಟಿಮೀಟರ್ ಬೇಕಾಗುತ್ತದೆ. ನಿನ್ನೆ ಕಚ್ಚಿ ಹಿಡಿದ ಯಂತ್ರ ಇಂದು ಜಾರುವುದು ಹೀಗೆ. ಕಾಂಡ ಒದ್ದೆಯಿದ್ದ ದಿನ ಯಂತ್ರ ಏರಿಸಬಾರದು.

2019ರಲ್ಲಿ ಬಂಟ್ವಾಳದ ಸಜಿಪಮೂಡದ ಕೋಮಲೆ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕು ಮಾಡಿದಾಗ ಅದರ ವೀಡಿಯೊ ದೇಶವೆಲ್ಲ ಓಡಾಡಿತು. ಜಾಣ್ಮೆಯ ಕೆಲಸವೇ. ಆದರೆ ಮೋಟಾರು ಉಳಿಸುವುದು ಶ್ರಮವನ್ನು; ಬೀಳುವುದನ್ನು ತಡೆಯಲು ಬೇರೆಯೇ ಏರ್ಪಾಡು ಬೇಕು.

ಮೊದಲನೆಯದು ಮರದ ಆಯ್ಕೆ. ತಿಪಟೂರು, ಅರಸೀಕೆರೆ ಕಡೆಯವರಿಗೆ ಅಣಬೆ ರೋಗದ ಪರಿಚಯ ಹೊಸದಲ್ಲ. ಬುಡದಲ್ಲಿ ಕಂದು ರಸ ಸೋರುತ್ತಿದ್ದರೆ, ಅಣಬೆ ಎದ್ದಿದ್ದರೆ, ಒಳಗೆ ಬುಡ ಕೊಳೆಯುತ್ತಿದೆಯೆಂದೇ ತಿಳಿದು ಆ ಮರವನ್ನು ಹತ್ತದಿರುವುದು ಕ್ಷೇಮ. ತೆಂಗಿನ ಗಟ್ಟಿತನವೆಲ್ಲ ಹೊರಸುತ್ತಿನಲ್ಲಿದೆ, ತಿರುಳು ಮೆತ್ತಗೆ. ಹೊರಸುತ್ತು ಕೊಳೆತ ಮೇಲೆ ಉಳಿಯುವುದು ಆಕಾರವಷ್ಟೇ. ಹುಳು ಕೊರೆದ ತೂತುಗಳಿರುವ ಮರ, ಸಿಡಿಲು ಬಡಿದ ಮರ, ವಿದ್ಯುತ್ ತಂತಿಗೆ ಗರಿ ತಾಗುವ ಮರ ಕೂಡ ಬೇಡ. ಅಲ್ಯೂಮಿನಿಯಂ ದೋಟಿಯನ್ನು ತಂತಿಯ ಹತ್ತಿರಕ್ಕೂ ಒಯ್ಯಬಾರದು.

ಎರಡನೆಯದು ಮೈಪಟ್ಟಿ. 15 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟಲು ಎರಡು ಸೆಕೆಂಡೂ ಹಿಡಿಯದು. ವೇಗ ಗಂಟೆಗೆ ಸುಮಾರು 62 ಕಿಲೋಮೀಟರ್. ಪಟ್ಟಿಯಿದ್ದರೂ ಹಗ್ಗ ಅರ್ಧ ಮೀಟರ್ ಸಡಿಲವಿದ್ದು, ಬಿದ್ದ ದೇಹ 10 ಸೆಂಟಿಮೀಟರಿನೊಳಗೆ ನಿಂತರೆ ಬೀಳುವ ಜಗ್ಗು ತೂಕದ ಆರು ಪಟ್ಟು. ಸೊಂಟದ ಪಟ್ಟಿಯೊಂದೇ ಇದ್ದರೆ ಅದೆಲ್ಲ ಹೊಟ್ಟೆ ಮತ್ತು ಬೆನ್ನುಮೂಳೆಗೆ. ತೊಡೆ, ಎದೆ, ಹೆಗಲಿಗೆ ಹಂಚುವ ಪೂರ್ಣ ಮೈಪಟ್ಟಿ ಬೇಕು. ಮರಕ್ಕೆ ಸುಮ್ಮನೆ ಬಳಸಿದ ಹಗ್ಗ ಜಾರುತ್ತದೆ, ಅದು ಭಾರಕ್ಕೆ ಬಿಗಿಯುವ ಜೀರುಗುಣಿಕೆಯಾಗಿರಬೇಕು, ಏರಿದಂತೆಲ್ಲ ಎದೆಗಿಂತ ಮೇಲಕ್ಕೆ ಸರಿಯುತ್ತಿರಬೇಕು.

ಪಟ್ಟಿಯಲ್ಲಿ ಅಲುಗಾಡದೆ ನೇತಾಡುವುದೂ ಅಪಾಯವೇ. ರಕ್ತ ಕಾಲುಗಳಲ್ಲಿ ನಿಂತು ಮಿದುಳಿಗೆ ಕಡಿಮೆಯಾಗುತ್ತದೆ, ಅರ್ಧ ಗಂಟೆಯೊಳಗೆ ಎಚ್ಚರ ತಪ್ಪಬಹುದು. ಪಾದ ಊರಿ ನಿಲ್ಲಲು ಜೇಬಿನಲ್ಲೊಂದು ಹಗ್ಗದ ಕುಣಿಕೆ, ಕೂಗಿದರೆ ಕೇಳುವಷ್ಟು ದೂರದಲ್ಲೊಬ್ಬ ಮನುಷ್ಯ ಇರಬೇಕು.

ಅಮೆರಿಕದ ಬೇಟೆ ಅಟ್ಟಣೆ ತಯಾರಕರ ಸಂಘದ ಮಾನ್ಯತೆ ಪಡೆದ ಪ್ರತಿ ಅಟ್ಟಣೆಯ ಜೊತೆ ಮೈಪಟ್ಟಿ ಕೊಡಲೇಬೇಕು. ಚೆಂಬೇರಿ ಯಂತ್ರಕ್ಕೆ ಸುರಕ್ಷಾ ಜೋಡಣೆಯನ್ನು ಆಮೇಲೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿತು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯಂತ್ರದಿಂದ ಮರ ಹತ್ತುವ ತರಬೇತಿ ಆರಂಭಿಸಿತು, ಹೆಂಗಸರೂ ಕಲಿತರು. ಹತ್ತುವವರಿಗಾಗಿ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯನ್ನೂ ಮಂಡಳಿ ತಂದಿದೆ. ತೋಟದವರು ಕೂಲಿ ಮಾತಾಡುವಾಗಲೇ ವಿಮೆ ಇದೆಯೇ ಎಂದು ಕೇಳಲಿ, ಮೈಪಟ್ಟಿಯೊಂದನ್ನು ತಾವೇ ಕೊಂಡು ತೋಟದ ಮನೆಯಲ್ಲಿ ಇಟ್ಟಿರಲಿ.