ಆಕರ ಹೇಳಿದರೆ ಮಾತಿಗೆ ಬಲ

ಅದಿಯಮಾನ್‌ಕೋಟೆಯ ಆಸುಪಾಸಿನಲ್ಲಿ ಕನ್ನಡ ಬಹು ಹಿಂದಿನಿಂದಲೂ ಇದೆ ಎಂದು ನಮ್ಮ ಮಕ್ಕಳು ಪ್ರಬಂಧದಲ್ಲಿ ಬರೆದರೆ, ಅದು ಅಭಿಮಾನದ ಮಾತಾಗಿ ಉಳಿಯುತ್ತದೆ. ತಗಡೂರು ಎನಿಸಿಕೊಂಡಿದ್ದ ಧರ್ಮಪುರಿಯಲ್ಲಿ ನೊಳಂಬ ಮಹೇಂದ್ರನ ಶಕ 815ರ (ಕ್ರಿ.ಶ. 893) ಕನ್ನಡ ಶಾಸನವಿದ್ದು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ 10ನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ ಎಂದು ಸೇರಿಸಿದರೆ ಅದೇ ಮಾತು ಸಾಕ್ಷ್ಯವಾಗುತ್ತದೆ. ಸಂದೇಹಿಸುವವರು ಸಂಪುಟವನ್ನೇ ತೆರೆದು ನೋಡಬಹುದು. ಅಲ್ಪಸಂಖ್ಯಾತರಾದ ನಮಗೆ ಇದು ಅತ್ಯಗತ್ಯ.

ಯಥಾವತ್ತಾಗಿ ತೆಗೆದುಕೊಂಡ ವಾಕ್ಯಕ್ಕೆ ಉದ್ಧರಣ ಚಿಹ್ನೆ ಹಾಕಬೇಕು. ಸ್ವಂತ ಮಾತಿನಲ್ಲಿ ಬರೆದರೂ ಲೇಖಕರು, ಕೃತಿ, ವರ್ಷ, ಪುಟಗಳನ್ನು ತಿಳಿಸಬೇಕು. ಅಂತರ್ಜಾಲದಿಂದ ಪಡೆದುದಕ್ಕೆ ತಾಣದ ವಿಳಾಸವನ್ನೂ ನೋಡಿದ ದಿನಾಂಕವನ್ನೂ ಕೊಡಬೇಕು. ವಿಕಿಪೀಡಿಯದ ಬರಹವನ್ನು ಯಾರೂ ಬಳಸಬಹುದಾದರೂ ಆಕರ ಸೂಚಿಸುವುದು ಅದರ ಪರವಾನಗಿಯ ಷರತ್ತು. ಬೇರೆಯವರ ಬರಹದಿಂದ ವಿಷಯ ಹೊಳೆದಿದ್ದರೆ, ‘ಇಂಥವರ ಲೇಖನದಿಂದ ಪ್ರೇರಿತ’ ಎಂಬ ಒಂದು ಸಾಲು ಸಾಕು.

ಈ ಪದ್ಧತಿ ಕನ್ನಡಕ್ಕೆ ಹೊಸತಲ್ಲ. ಅದೇ 9ನೆಯ ಶತಮಾನದ ‘ಕವಿರಾಜಮಾರ್ಗ’ವು ವಿಮಲೋದಯ, ಜಯಬಂಧು ಮೊದಲಾದ ಪೂರ್ವಸೂರಿಗಳನ್ನು ಹೆಸರಿಸಿದೆ. ಅವರ ಕೃತಿಗಳು ನಮಗೆ ದೊರೆತಿಲ್ಲ. ಹೆಸರುಗಳಾದರೂ ಉಳಿದುದು ಆ ಸ್ಮರಣೆಯಿಂದ. ಮನೆಯಲ್ಲಿ ಮಕ್ಕಳ ಬರಹವನ್ನು ಓದುವಾಗ, ‘ಇದನ್ನು ಎಲ್ಲಿಂದ ತಿಳಿದೆ?’ ಎಂದು ಪೋಷಕರು ಒಮ್ಮೆ ಕೇಳಲಿ.