ನಿಮಗಿದು ಗೊತ್ತೇ? ಪುಕ್ಕಟೆ ಹಾಡಿನ ಬಿಲ್ಲು

ಹಾಡಿಗೆ ದುಡ್ಡು ಕೊಡಬೇಕೋ ಬೇಡವೋ ಎಂಬ ಜಗಳ ಒಮ್ಮೆ ಒಂದು ಲೋಟ ಸಕ್ಕರೆ ನೀರಿನಿಂದ ಕೋರ್ಟು ಹತ್ತಿತ್ತು! 1847ರಲ್ಲಿ ಪ್ಯಾರಿಸ್ಸಿನ ಕೆಫೆಯೊಂದರಲ್ಲಿ ಗೀತರಚನಕಾರ ಅರ್ನೆಸ್ಟ್ ಬೂರ್ಜೆ ಸಕ್ಕರೆ ನೀರು ಕುಡಿದು, ಬಿಲ್ಲು ಕೊಡಲೊಲ್ಲೆ ಎಂದು ಕೂತ. ನನ್ನ ಹಾಡನ್ನು ಪುಕ್ಕಟೆ ಹಾಡಿಸಿ ಗಿರಾಕಿಗಳನ್ನು ಸೇರಿಸುತ್ತೀರಿ, ನಿಮ್ಮ ನೀರಿಗೆ ಮಾತ್ರ ನಾನು ಕಾಸು ಕೊಡಬೇಕೇ ಎಂಬುದು ಅವನ ವಾದ. ನ್ಯಾಯಾಲಯ ಅವನ ಪರ ನಿಂತಿತು. ರಚನಕಾರರ ಪರವಾಗಿ ರಾಯಧನ ವಸೂಲು ಮಾಡುವ ‘ಸಾಸೆಮ್’ ಸಂಸ್ಥೆ 1851ರಲ್ಲಿ ಹುಟ್ಟಿತು. ಇಂದಿಗೂ ವಸೂಲು ಮಾಡುತ್ತಿದೆ.

ಬೀಟಲ್ಸ್ ತಂಡ ತನ್ನ ಮೊದಲ ಆಲ್ಬಮ್ಮಿನ 14 ಹಾಡುಗಳಲ್ಲಿ 10ನ್ನು ಮುದ್ರಿಸಿದ್ದು ಒಂದೇ ದಿನ, 1963ರ ಫೆಬ್ರುವರಿ 11ರಂದು. ನಾಲ್ಕು ವರ್ಷಗಳ ನಂತರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮಿಗೆ ಐದು ತಿಂಗಳು ಹಿಡಿಯಿತು. ಸ್ಟುಡಿಯೊ ಮೀಟರು ಓಡುತ್ತಲೇ ಇತ್ತು!

ಪುರಂದರದಾಸರ ಕೀರ್ತನೆ ಹಾಡಲು ಯಾರ ಅಪ್ಪಣೆಯೂ ಬೇಡ. ಆದರೆ ಅದೇ ಕೀರ್ತನೆಯ ಧ್ವನಿಮುದ್ರಣಕ್ಕೆ ನಮ್ಮ ಕಾನೂನಿನಲ್ಲಿ 60 ವರ್ಷಗಳ ಹಕ್ಕುಸ್ವಾಮ್ಯವಿದೆ. ನ್ಯಾಯವೇ ಸರಿ. ದಾಸರು ಸಂಭಾವನೆ ಕೇಳುವುದಿಲ್ಲ, ಪಿಟೀಲಿನವರು, ಮೃದಂಗದವರು, ರೆಕಾರ್ಡಿಂಗ್ ಎಂಜಿನಿಯರು ಕೇಳುತ್ತಾರೆ.

ಮದುವೆ ಮೆರವಣಿಗೆಯಲ್ಲಿ ಸಿನಿಮಾ ಹಾಡು ನುಡಿಸಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆ ಆಗುವುದಿಲ್ಲ ಎಂದು ಭಾರತದ ಕಾಯಿದೆಯೇ ಹೇಳುತ್ತದೆ. (ಬ್ಯಾಂಡ್‌ಸೆಟ್ಟಿನವರ ಬಾಕಿ ಉಳಿಸಿಕೊಳ್ಳಲು ಇದು ನೆಪವಲ್ಲ.)

ಅಮೆರಿಕದ ಎಫ್‌ಎಂ ರೇಡಿಯೊದಲ್ಲಿ ಹಾಡು ಬಂದರೆ ಬರೆದವರಿಗೆ ಹಣ ಸಿಗುತ್ತದೆ, ಹಾಡಿದವರಿಗೆ ಚಿಕ್ಕಾಸೂ ಇಲ್ಲ. ನಮ್ಮಲ್ಲಿ ಬರೆದವರೇ ಬಹುಕಾಲ ಕೈ ಹಿಸುಕಿಕೊಂಡಿದ್ದರು. ಚಿತ್ರಗೀತೆಯ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಟ್ಟ ಮೇಲೆ ಕಥೆ ಮುಗಿಯಿತು! ಹಕ್ಕುಸ್ವಾಮ್ಯ ಕಾಯಿದೆಗೆ 2012ರ ತಿದ್ದುಪಡಿ ಬಂದ ಮೇಲೆ, ಚಿತ್ರಮಂದಿರದ ಆಚೆ ಆ ಹಾಡು ಬಳಕೆಯಾದಾಗ ಗೀತರಚನಕಾರರಿಗೂ ಸಂಗೀತ ನಿರ್ದೇಶಕರಿಗೂ ರಾಯಧನದಲ್ಲಿ ಪಾಲು ಸಿಗಬೇಕು. ಆ ಪಾಲನ್ನು ಬಿಟ್ಟುಕೊಡುತ್ತೇನೆಂದು ಸಹಿ ಹಾಕಿಸಿಕೊಂಡರೂ ಅದು ಊರ್ಜಿತವಲ್ಲ.

2007ರಲ್ಲಿ ರೇಡಿಯೊಹೆಡ್ ತಂಡ ‘ಇನ್ ರೈನ್‌ಬೋಸ್’ ಆಲ್ಬಮ್ಮಿನ ಡೌನ್‌ಲೋಡ್‌ಗೆ ಬೆಲೆಯನ್ನೇ ಇಡಲಿಲ್ಲ. ಮನಸ್ಸಿಗೆ ಬಂದಷ್ಟು ಕೊಡಿ, ಸೊನ್ನೆಯಾದರೂ ಸರಿ ಎಂದಿತು. 2014ರಲ್ಲಿ ಆ್ಯಪಲ್ ಕಂಪನಿ ‘ಯು2’ ತಂಡದ ಹೊಸ ಆಲ್ಬಮ್ಮನ್ನು ತನ್ನ ಗ್ರಾಹಕರ ಖಾತೆಗಳಿಗೆ ಕೇಳದೆಯೇ ಪುಕ್ಕಟೆ ತುಂಬಿತು. ಜನ ಎಷ್ಟು ಸಿಡಿಮಿಡಿಗೊಂಡರೆಂದರೆ, ಅದನ್ನು ಅಳಿಸಿಹಾಕಲು ಕಂಪನಿ ಬೇರೆ ಪುಟವನ್ನೇ ತೆರೆಯಬೇಕಾಯಿತು!

ಸ್ಪಾಟಿಫೈನಲ್ಲಿ 2024ರಿಂದ ಹೊಸ ನಿಯಮ ಬಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ರಾಯಧನವೇ ಇಲ್ಲ. ಹೊಸಬರಿಗೆ ಇದು ನೇರ ಪೆಟ್ಟು. ಹಾಗಾಗಿ ನಿಮ್ಮೂರಿನ ಹುಡುಗಿಯ ಹಾಡು ಮೆಚ್ಚಿಗೆಯಾಯಿತೇ? ಮುಂದಿನ ಕಛೇರಿಗೆ ಟಿಕೆಟ್ಟು ಕೊಂಡು ಹೋಗಿ. ಪಾಸು ಕೇಳಬೇಡಿ.