ಪ್ರಯೋಗಾಲಯದಿಂದ ಕಡಲತೀರಕ್ಕೆ: ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆ

‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂಬ ಗಾದೆ ಕನ್ನಡಿಗರಿಗೆ ಪರಿಚಿತವಾದುದು. ಆದರೆ ಲಕ್ಷದ್ವೀಪದ ನಿವಾಸಿಗಳ ಪಾಲಿಗೆ ಬಡತನವಿದ್ದುದು ಉಪ್ಪಿಗಲ್ಲ, ಕುಡಿಯುವ ನೀರಿಗೆ. ಸುತ್ತಲೂ ಅಪಾರ ಜಲರಾಶಿಯಿದ್ದರೂ ಹವಳದ ನೆಲದಡಿಯಲ್ಲಿರುವ ಸಿಹಿನೀರಿನ ತೆಳುವಾದ ಪದರ ಮತ್ತು ಮಳೆನೀರು ಅವರಿಗೆ ಆಸರೆಯಾಗಿದ್ದವು. 2005ರಲ್ಲಿ ಕವರತ್ತಿ ದ್ವೀಪದಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಒದಗಿಸುವ ಸ್ಥಾವರವನ್ನು ಸ್ಥಾಪಿಸಲಾಯಿತು. ಇದನ್ನು ರೂಪಿಸಿದುದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ.

ಈ ಸಂಸ್ಥೆಯನ್ನು 1993ರ ನವೆಂಬರ್‌ನಲ್ಲಿ ಅಂದಿನ ಸಾಗರ ಅಭಿವೃದ್ಧಿ ಇಲಾಖೆಯ ಅಧೀನದಲ್ಲಿ ಸ್ಥಾಪಿಸಲಾಯಿತು. ಚೆನ್ನೈನ ಪಳ್ಳಿಕರಣೈಯಲ್ಲಿರುವ ಇದು ಈಗ ಕೇಂದ್ರ ಭೂ ವಿಜ್ಞಾನ ಸಚಿವಾಲಯದ ಸ್ವಾಯತ್ತ ಸಂಸ್ಥೆಯಾಗಿದೆ. ಸಾಗರದ ಅರಿವನ್ನು ಸಂಗ್ರಹಿಸುವುದಷ್ಟೇ ಅಲ್ಲದೆ, ಅದನ್ನು ಅಗತ್ಯವಿರುವವರಿಗೆ ತಲುಪಿಸುವುದೂ ಇದರ ಹೊಣೆಯಾಗಿದೆ.

ಉದ್ಯಮಕ್ಕೆ ತಂತ್ರಜ್ಞಾನ

ಕವರತ್ತಿ ಸ್ಥಾವರದ ತತ್ವ ಸರಳವಾದುದು. ಕಡಲ ಮೇಲ್ಮೈಯ ಬೆಚ್ಚಗಿನ ನೀರನ್ನು ಒತ್ತಡ ಕಡಿಮೆ ಮಾಡಿದ ಕೋಣೆಯೊಳಗೆ ಹರಿಸಿದಾಗ ಅದರ ಒಂದು ಅಂಶ ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ಮೇಲೆತ್ತಿದ ತಣ್ಣೀರಿನಿಂದ ಆ ಆವಿಯನ್ನು ತಂಪುಗೊಳಿಸಿದರೆ ಸಿಹಿನೀರು ದೊರೆಯುತ್ತದೆ. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿ ದ್ವೀಪಗಳಿಗೂ ಈ ವಿಧಾನವನ್ನು ವಿಸ್ತರಿಸಲಾಯಿತು. ಮುಖ್ಯಭೂಮಿಯ ತೀರದಲ್ಲಿ ಅಂತಹ ಆಳ ಸಮೀಪದಲ್ಲಿ ಸಿಗುವುದಿಲ್ಲ. ಆದ್ದರಿಂದ 2009ರಲ್ಲಿ ಉತ್ತರ ಚೆನ್ನೈ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ, ಯಂತ್ರಗಳಿಂದ ಹೊರಬರುವ ಬಿಸಿನೀರನ್ನೇ ಬಳಸಿ ಇದೇ ತತ್ವವನ್ನು ಪ್ರಯೋಗಿಸಲಾಯಿತು. ಹೀಗೆ ವ್ಯರ್ಥವಾಗುತ್ತಿದ್ದ ಶಾಖವೂ ಉಪಯೋಗಕ್ಕೆ ಬಂದಿತು.

ಸಂಶೋಧನಾ ಸಂಸ್ಥೆ ಕಾರ್ಖಾನೆಯಲ್ಲ. ಅದು ಉಪಕರಣದ ಮಾದರಿಯನ್ನು ಸಿದ್ಧಪಡಿಸಿ, ಕಡಲಿನಲ್ಲಿ ಪರೀಕ್ಷಿಸುತ್ತದೆ. ಅನಂತರ ಪರವಾನಗಿ ಒಪ್ಪಂದದ ಮೂಲಕ ತಂತ್ರಜ್ಞಾನವನ್ನು ದೇಶೀಯ ಉದ್ಯಮಗಳಿಗೆ ವರ್ಗಾಯಿಸಲಾಗುತ್ತದೆ. ಪ್ರವಾಹದೊಡನೆ ಸಾಗುತ್ತ ಉಪಗ್ರಹದ ಮೂಲಕ ಮಾಹಿತಿ ಕಳುಹಿಸುವ ‘ಡ್ರಿಫ್ಟರ್’ ಉಪಕರಣ ಇದಕ್ಕೊಂದು ನಿದರ್ಶನ. ಇದರಿಂದ ಆಮದಿನ ಅವಲಂಬನೆ ತಗ್ಗುತ್ತದೆ.

ವಿದ್ವತ್ ವಲಯಕ್ಕೆ ಮಾಹಿತಿ

ವಿಶ್ವವಿದ್ಯಾನಿಲಯಗಳಿಗೆ ಮುಖ್ಯವಾಗಿ ಬೇಕಾದುದು ದೀರ್ಘಕಾಲದ, ವಿಶ್ವಾಸಾರ್ಹವಾದ ಅಳತೆಗಳು. ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರಗಳಲ್ಲಿ ಸಂಸ್ಥೆಯು ಲಂಗರು ಹಾಕಿ ನಿಲ್ಲಿಸಿರುವ ತೇಲುಮಾಪಕಗಳು ಗಾಳಿಯ ವೇಗ, ವಾಯುಭಾರ, ನೀರಿನ ಉಷ್ಣತೆ, ಲವಣಾಂಶ ಮೊದಲಾದವನ್ನು ದಾಖಲಿಸುತ್ತವೆ. ಈ ಮಾಹಿತಿ ಉಪಗ್ರಹದ ಮೂಲಕ ದಡಕ್ಕೆ ತಲುಪುತ್ತದೆ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದ ಮೂಲಕ ಅದು ಸಂಶೋಧಕರಿಗೆ ದೊರೆಯುತ್ತದೆ. ಚಂಡಮಾರುತದ ಮುನ್ಸೂಚನೆಗೂ ಇದು ಆಧಾರವಾಗಿದೆ. 2004ರ ಡಿಸೆಂಬರ್ 26ರ ಸುನಾಮಿಯ ಅನಂತರ, ಸಮುದ್ರ ಮಟ್ಟದ ಏರಿಳಿತವನ್ನು ಆಳದಲ್ಲಿಯೇ ಗುರುತಿಸುವ ಸಾಧನಗಳನ್ನೂ ನೆಲೆಗೊಳಿಸಲಾಯಿತು. 2007ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವು ಇವುಗಳ ನೆರವು ಪಡೆಯುತ್ತದೆ.

ಜನರ ಪಾತ್ರ

ತೇಲುಮಾಪಕಗಳ ನೆರಳಿನಲ್ಲಿ ಮೀನುಗಳು ಗುಂಪುಗೂಡುವುದುಂಟು. ಆದುದರಿಂದ ಮೀನುಗಾರರು ಅವುಗಳ ಸಮೀಪಕ್ಕೆ ಬರುವುದು ಸಹಜ. ಆದರೆ ದೋಣಿಯನ್ನು ಅವಕ್ಕೆ ಕಟ್ಟಿದರೆ ಅಥವಾ ಬಲೆ ಸಿಕ್ಕಿಕೊಂಡರೆ ಸೂಕ್ಷ್ಮ ಉಪಕರಣಗಳು ಹಾಳಾಗುತ್ತವೆ. ದುರಸ್ತಿಗಾಗಿ ಹಡಗು ಅಲ್ಲಿಗೆ ತಲುಪುವವರೆಗೂ ಆ ಕಡಲಭಾಗದ ಮಾಹಿತಿ ಬರುವುದಿಲ್ಲ. ಆ ಅವಧಿಯಲ್ಲಿ ಚಂಡಮಾರುತ ಎದ್ದರೆ ಮೊದಲು ಅಪಾಯಕ್ಕೊಳಗಾಗುವವರು ಮೀನುಗಾರರೇ. ಈ ಕಾರಣದಿಂದ ಸಂಸ್ಥೆಯು ಕರಾವಳಿಯ ಮೀನುಗಾರರಲ್ಲಿ ತಿಳುವಳಿಕೆ ಮೂಡಿಸುವ ಕಾರ್ಯಕ್ರಮಗಳನ್ನು ಹಮ್ಮಿಕೊಂಡಿದೆ.

ಮಲ್ಪೆ, ಮಂಗಳೂರು, ಕಾರವಾರಗಳಿಂದ ಆಳ ಸಮುದ್ರಕ್ಕೆ ತೆರಳುವವರಿಗೂ ಈ ಮಾತು ಅನ್ವಯಿಸುತ್ತದೆ. ವಿಜ್ಞಾನಿ ಅಳೆಯುತ್ತಾನೆ, ಉದ್ಯಮ ಉಪಕರಣವನ್ನು ತಯಾರಿಸುತ್ತದೆ, ಸಂಶೋಧಕ ಅದರ ಅಂಕಿಅಂಶಗಳನ್ನು ವಿಶ್ಲೇಷಿಸುತ್ತಾನೆ. ನಡುಗಡಲಿನಲ್ಲಿ ಆ ಉಪಕರಣವನ್ನು ಉಳಿಸಿಕೊಳ್ಳುವುದು ಮೀನುಗಾರನ ಕೈಯಲ್ಲಿದೆ. ಈ ನಾಲ್ವರ ಸಹಕಾರದಿಂದ ಮಾತ್ರ ಸಾಗರ ಜ್ಞಾನವು ಸಾರ್ಥಕವಾಗುತ್ತದೆ.